ದಾಸವಾಳದ ಒಳಗೆ

ದಾಸವಾಳದ ಲೋಳೆ ಬೆರಳಿಗೆ ಅಂಟಿದರೆ ಈಗಲೂ ಹಲಸೂರಿನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ವಿಜ್ಞಾನದ ಪಾಠಕ್ಕೆಂದು ಚಿಕ್ಕಮ್ಮ ಕುಂಡದ ಗಿಡದಿಂದ ಹೂವೊಂದನ್ನು ಕಿತ್ತು, ಅದರ ಬುಡವನ್ನು ಬ್ಲೇಡಿನಿಂದ ಸೀಳಿದಳು. ಒಳಗೆ ರವೆಯಂಥ ಬಿಳಿ ಕಾಳುಗಳು ಸಾಲಾಗಿ ಕೂತಿದ್ದವು.

"ಇವು ಅಂಡಕ. ಒಂದೊಂದರೊಳಗೂ ಒಂದು ಅಂಡಾಣು ಬೆಳೆಯುತ್ತೆ. ಪರಾಗ ಸೇರಿದ್ರೆ ಬೀಜ ಆಗುತ್ತೆ."

"ನಮ್ಮ ಗಿಡ ಬೀಜಾನೇ ಬಿಟ್ಟಿಲ್ವಲ್ಲ?" ಎಂದೆ.

ಆರತಿ ತಟ್ಟೆ ಜೋಡಿಸುತ್ತಿದ್ದ ಅಜ್ಜಿ, "ಬಿಡದಿದ್ರೇನಂತೆ? ದಿನಾ ದೇವರಿಗೆ ಹೂ ಕೊಡುತ್ತಲ್ಲ, ಸಾಕು" ಎಂದಳು.

ಅದೇ ಗಿಡದ ಹೂಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಶಿವಾಜಿನಗರದ ನೆಂಟರ ಮನೆಯ ಸೀಮಂತಕ್ಕೆ ನಮ್ಮನ್ನೆಲ್ಲ ಹೊರಡಿಸಿದಳು. ಮಕ್ಕಳಿಲ್ಲದ ಚಿಕ್ಕಮ್ಮನಿಗೆ ಮಾತ್ರ, "ನೀನು ಮನೆ ನೋಡ್ಕೋ" ಎಂದಳು.

"ಆಯ್ತಮ್ಮ" ಎಂದ ಚಿಕ್ಕಮ್ಮ ಬ್ಲೇಡು ಒರೆಸಿಟ್ಟು, ಸೀಳಿದ ಹೂವನ್ನು ಅದೇ ಕುಂಡದ ಮಣ್ಣಿಗೆ ಹಾಕಿದಳು.