ಶೀತಲ ಕೋಣೆಯ ಬಾಗಿಲು

"ಮಿಷನ್ ನಿಲ್ಲಿಸುವ ಸರ್. ಮೋಟಾರು ಎರಡು ಪಟ್ಟು ಕರೆಂಟ್ ಎಳೀತಾ ಉಂಟು. ಒತ್ತಡಕ್ಕೆ ತಂಪು ಮಾಡುವ ಅಮೋನಿಯ ಗ್ಯಾಸಿನ ಪೈಪು ಒಡೀತದೆ," ಎಂದ ಮೀನಿನ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್ ಗಿಲ್ಬರ್ಟ್.

"ನಿಲ್ಲಿಸಿದ್ರೆ ಹತ್ತು ಲೋಡ್ ಬಂಗುಡೆ ಕೊಳೀತದೆ," ಎಂದ ಮ್ಯಾನೇಜರ್ ವಾಮನರಾಯ.

ಗಿಲ್ಬರ್ಟ್ ಸ್ವಿಚ್ಚಿಗೆ ಕೈ ಹಾಕಿದ. ವಾಮನರಾಯ ಸ್ಪ್ಯಾನರಿನಿಂದ ಅವನ ಹಲ್ಲು ಮುರಿದು, ಕೂದಲು ಹಿಡಿದು ಎಳೆದೊಯ್ದು, ಶೀತಲ ಕೋಣೆಯೊಳಗೆ ದೂಡಿ ಚಿಲಕ ಹಾಕಿದ.

"ಅಲ್ಲೇ ತಣ್ಣಗಾಗು."

ಹತ್ತೇ ನಿಮಿಷದಲ್ಲಿ ಪೈಪು ಸಿಡಿಯಿತು. ಹೊರಗೆಲ್ಲ ಅಮೋನಿಯದ ವಿಷಗಾಳಿ ತುಂಬಿತು; ಬಿಗಿಯಾಗಿ ಮುಚ್ಚಿದ ಶೀತಲ ಕೋಣೆಯೊಳಗೆ ಮಾತ್ರ ಅದು ನುಗ್ಗಲಿಲ್ಲ. ಕಣ್ಣು ಸುಟ್ಟುಹೋದ ವಾಮನರಾಯ ಗೋಡೆ ತಡವುತ್ತ ಬಂದು, ಆ ಕೋಣೆಯ ಚಿಲಕ ತೆಗೆದು ಬಾಗಿಲು ಎಳೆದ. ಅದು ಅಲ್ಲಾಡಲಿಲ್ಲ.

"ಗಿಲ್ಬರ್ಟ್, ಒಳಗೆ ಬಿಡು ಮಾರಾಯ. ಉಸಿರು ಕಟ್ತಾ ಉಂಟು."

ಗಿಲ್ಬರ್ಟ್ ಒಳಗಿನ ಹಿಡಿಯನ್ನು, ಹೊರಗಿನ ಕೆಮ್ಮು ನಿಲ್ಲುವವರೆಗೂ, ಎರಡೂ ಕೈಗಳಿಂದ ಜಗ್ಗಿ ಹಿಡಿದಿದ್ದ.