ಒಂಬತ್ತನೇ ತರಗತಿಯ ರಾಜಿ

"ಇನ್‌ಸ್ಪೆಕ್ಷನ್‌ಗೆ ಬಂದಾರಲೇ!" ಆಕಾಶ ಪಿಸುಗುಟ್ಟಿದ.

ಬೈಲಹೊಂಗಲದ ಆ ಹೈಸ್ಕೂಲಿನ ಒಂಬತ್ತನೇ ತರಗತಿ ಥಟ್ಟನೆ ನೆಟ್ಟಗಾಯಿತು. ಕೈಚೀಲ ಹಿಡಿದ ಹೆಂಗಸೊಬ್ಬರು ಒಳಬಂದು, ಯಾರನ್ನೂ ಮಾತಾಡಿಸದೆ ಹಿಂದಿನ ಬೆಂಚಿನಲ್ಲಿ ಕುಳಿತರು.

ಅಭಿನಯಿಸಿ ಬಗೆಹರಿಸಬೇಕಾದ ಆ ದಿನದ ಜಗಳವನ್ನು ಗೌರೀಶ ಸರ್ ಆಗಷ್ಟೇ ಬೋರ್ಡಿನ ಮೇಲೆ ಬರೆದಿದ್ದರು: 'ಹೆಂಡತಿಯನ್ನು ಕೇಳದೆ ಅವಳ ಸ್ಕೂಟಿ ಮಾರಿದ ಗಂಡ. ಸಿಟ್ಟಾಗಿ ತವರು ಸೇರಿದ ಹೆಂಡತಿ. ರಾಜಿ ಮಾಡಿಸಿರಿ.'

ಸರ್ ಕೈ ಗಬಕ್ಕನೆ ಡಸ್ಟರಿಗೆ ಹೋಯಿತು.

"ಅಳಸಬ್ಯಾಡ್ರಿ. ಪಾಠ ನಡೀಲಿ," ಎಂದರು ಹೆಂಗಸು.

ಸರ್ ಹಣೆಯ ಬೆವರು ಒರೆಸಿಕೊಂಡರು. ಮಕ್ಕಳಿಗೆ ಅಯ್ಯೋ ಎನಿಸಿತು. ಇವತ್ತು ಸರ್ ಮಾನ ಉಳಿಸುವುದು ತಮ್ಮ ಕೈಯಲ್ಲಿದೆ.

ಆಕಾಶ ಗಂಡನಾದ. ಶಿವಾನಿ ಹೆಂಡತಿ.

"ಗಾಡಿ ಹಳೇದಾಗಿತ್ತು." ಆಕಾಶ ಇಲ್ಲದ ಮೀಸೆ ತಿರುವಿದ.

"ನೀವೂ ಹಳೇರಾಗೀರಿ. ನಾ ನಿಮ್ಮನ್ನ ಮಾರೀನೇನು?"

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನ ಹೆಂಗಸೂ ಬಾಯಿಗೆ ಸೆರಗು ಹಿಡಿದರು. ಸರ್ ಮಾತ್ರ ನಗಲಿಲ್ಲ.

"ಅವಂದೂ ಒಂದ್ ಮಾತು ಕೇಳವಾ," ಅವರು ನಡುವೆ ಬಾಯಿ ಹಾಕಿದರು. "ಆಕಿ ಎಲ್ಲಿ ಬೀಳತಾಳೋ ಅಂತ ಅಂಜಿ ಮಾರ್‍ಯಾನ, ಪಾಪ."

"ಅಂಜಿಕಿ ಇದ್ರ ಬಾಯಿಬಿಟ್ಟು ಹೇಳಬೇಕಿತ್ತು, ಸರ್," ಎಂದಳು ಶಿವಾನಿ.

ಸರ್ ಮುಖ ಸಪ್ಪಗಾದದ್ದು ಕಂಡು ಆಕಾಶನಿಗೆ ದಿಗಿಲಾಯಿತು. ಇವಳು ಹೀಗೇ ಹಟ ಹಿಡಿದರೆ ಇನ್‌ಸ್ಪೆಕ್ಷನ್ ಕೆಟ್ಟ ಹಾಗೆಯೇ. ಮುಗಿಸೆಂದು ಕಣ್ಸನ್ನೆ ಮಾಡಿದ.

ಶಿವಾನಿಗೆ ಅರ್ಥವಾಯಿತು. ಕರಾರು ಹೇಳಿದಳು. ಗಂಡ ಅವಳ ಅವ್ವನ ಮುಂದೆ ಕ್ಷಮೆ ಕೇಳಬೇಕು. ಅವಳು ಮೆಚ್ಚಿದ ಬಣ್ಣದ ಹೊಸ ಗಾಡಿ ಬರಬೇಕು. ಅವಳು ಓಡಿಸುವಾಗ ಅವನು ಹಿಂದೆ ಕುಳಿತು "ಬ್ರೇಕ್ ಹಿಡಿ, ಬ್ರೇಕ್ ಹಿಡಿ" ಎಂದು ಕೂಗಕೂಡದು. ಇಷ್ಟಾದರೆ ಅವಳು ಇವತ್ತೇ ಮನೆಗೆ ಬರುತ್ತಾಳೆ, ಮತ್ತೆಂದೂ ಆ ಮಾತು ಎತ್ತುವುದಿಲ್ಲ.

"ಒಪ್ಪಿದೆ, ನಮ್ಮವ್ವಾ!" ಆಕಾಶ ಕೈಮುಗಿದ. ಚಪ್ಪಾಳೆ ಬಿತ್ತು.

ಸರ್ ಕರಾರುಗಳನ್ನು ಒಂದೊಂದಾಗಿ ಬೋರ್ಡಿಗೆ ಬರೆದರು. ಸೀಮೆಸುಣ್ಣ ಎರಡು ಸಲ ಮುರಿಯಿತು.

ಹೆಂಗಸು ಎದ್ದು ಮುಂದೆ ಬಂದರು. ಬರೆದದ್ದನ್ನು ಮೇಲಿಂದ ಕೆಳಗೆ ಓದಿದರು.

"ಹುಡುಗ್ರಿಗೆ ಭಾಳ ಚಲೋ ಕಲಿಸೀರಿ."

ಸರ್ ಪಾಸಾದರು! ಇಡೀ ತರಗತಿ ಉಸಿರು ಬಿಟ್ಟಿತು.

ಹೆಂಗಸು ಸರ್ ಕಡೆ ತಿರುಗಿದರು. "ಇವ್ರೇನೋ ಒಪ್ಪಿದ್ರು. ನೀವೇನಂತೀರಿ? ನಮ್ಮವ್ವ ಮುರಗೋಡದಿಂದ ಬಂದು ಹೊರಗ ಕಟ್ಟಿ ಮ್ಯಾಲ ಕುಂತಾಳ, ನಡ್ರಿ."