ಕೀಲುಕುರ್ಚಿ

"ಹಳೂ, ಹಳೂ! ಅದೇನು ಸೌದೆ ಹೊರೆಯೇ?" ಎಂದು ಟಾಂಗಾದವನನ್ನು ಗದರಿ, ಶಂಕರಪ್ಪ ಕುರ್ಚಿಯನ್ನು ತಾನೇ ಹೊತ್ತು ಸಿವಿಲ್ ಲೈನ್ಸಿನ ಬಂಗಲೆಯ ವರಾಂಡ ಹತ್ತಿದ.

ಒಳಗಿದ್ದವರು ದೊಡ್ಡಯ್ಯ, ಆಫ್ರಿಕಾದ ಮೊಂಬಾಸಾದಲ್ಲಿ ಮೇಜು ಕುರ್ಚಿಗಳ ಕಾರ್ಖಾನೆಯ ಯಜಮಾನರು. ಅಲ್ಲಿಗೆ ಕರೆದೊಯ್ಯಲು ಆರಿಸುವುದು ಒಬ್ಬನೇ ಒಬ್ಬ ಬಡಗಿಯನ್ನು. ಆ ಒಬ್ಬ ತಾನೇ ಎಂದು ಶಂಕರಪ್ಪ ಹೋದ ವಾರವೇ ರೈಲ್ವೆ ಕೆಲಸ ಬಿಟ್ಟಿದ್ದ. ಮೇಸ್ತ್ರಿಗೆ "ನಿಮ್ಮ ಹಲಗಿ ನೀವs ಕೆತ್ಕೋರಿ" ಅಂದೂ ಬಂದಿದ್ದ. ಇನ್ನು ಹಿಂದೆ ಹೋಗುವ ದಾರಿಯಿಲ್ಲ.

ವರಾಂಡದಲ್ಲಿ ಏಳು ಮಂದಿ, ಅವರು ಮಾದರಿಗೆ ಮಾಡಿ ತಂದ ಏಳು ಸ್ಟೂಲು. ಎಲ್ಲ ಮೊಳೆಯ ಕೆಲಸ. ಶಂಕರಪ್ಪ ಮೂಗು ಮುರಿದ. ಅವನ ಕುರ್ಚಿಗೆ ಒಂದೂ ಮೊಳೆಯಿಲ್ಲ, ಬರೀ ಕೀಲು. ಅಜ್ಜಿಯರ ಕಥೆಯಲ್ಲಿ ಕಿವಿ ಹಿಂಡಿದರೆ ಏಳು ಸಮುದ್ರ ಹಾರುವ ಕೀಲುಕುದುರೆ ಇರುತ್ತದಲ್ಲ, ಅದರ ಒಡಹುಟ್ಟಿನಂತಿತ್ತು.

ಮರ ನೋಡಿ ಬರುತ್ತೇನೆಂದು ಕಾಮಠಿಯ ಹಳೇ ಸಾಮಾನಿನ ಗುಜರಿಗೆ ಹೋದವನು, ಕೋಣೆಯ ಬಾಗಿಲು ಹಾಕಿಕೊಂಡು ನಾಲ್ಕೇ ದಿನದಲ್ಲಿ ಕುರ್ಚಿ ಹೊರತಂದಿದ್ದ. ಹೆಂಡತಿ ವಿಜಯಾ ಗಲ್ಲಕ್ಕೆ ಕೈಯಿಟ್ಟಿದ್ದಳು. "ಬಸುರಿಲ್ಲ, ಬ್ಯಾನಿಲ್ಲ, ಕೂಸಂತೂ ಚಂದ ಐತ್ರಿ!"

ಕೆಲಸ ತಿಳಿಯದ ಹೆಂಗಸು.

ಅವನನ್ನು ಒಳಗೆ ಕರೆಸಿಕೊಂಡ ದೊಡ್ಡಯ್ಯ ಕುರ್ಚಿಯನ್ನು ಒಂದು ಸುತ್ತು ಬಂದರು. "ದಾಂಡೇಲಿ ತೇಗ ಅಲ್ಲ?"

"ಛೇ! ಚಾಂದಾ ತೇಗರೀ. ಸಾವ್ಕಾರ್ರು ರೊಕ್ಕ ಬಲ್ಲವರು, ಕಟ್ಟಿಗಿ ಮಾತು ನಮಗ ಬಿಡ್ರಿ."

"ಬರೋಬರ್. ಕೀಲು ಬಿಚ್ಚಿ ತೋರಸ್ತಿ?"

"ಒಮ್ಮೆ ಕೂಡಿಸಿದ್ರ ಮುಗೀತ್ರಿ, ಬ್ರಹ್ಮ ಬಂದರೂ ಬಿಚ್ಚಂಗಿಲ್ಲ. ಅದs ನನ್ನ ಕೈಗುಣ."

ದೊಡ್ಡಯ್ಯ ಹಿಂದೆ ತಿರುಗಿ ನೋಡದೆ ಕುರ್ಚಿಯಲ್ಲಿ ಕೂತರು. ಗಳಿಗೆ ಹೊತ್ತು ಕಣ್ಣು ಮುಚ್ಚಿದರು.

"ಇದನ್ನ ಮಾಡಿದ ಕೈ ಆಫ್ರಿಕಾದಾಗ ಇರಬೇಕಾದ್ದs, ತಮ್ಮಾ."

ಶಂಕರಪ್ಪ ಬಾಗಿಲಾಚೆಯ ಏಳು ಸ್ಟೂಲುಗಳತ್ತ ಕನಿಕರದಿಂದ ನಕ್ಕ. "ಹಂಗಾರ ನಾ ಯಾವಾಗ ಹೊರಡೂದ್ರಿ?"

ದೊಡ್ಡಯ್ಯ ಎದ್ದು ನಿಂತರು. ಎಡಗೈಯನ್ನು ಕುರ್ಚಿಯ ತೋಳಿನಡಿಗೆ ತೂರಿಸಿ, ತುಂಟ ಮಗುವಿನ ಕಿವಿ ಹಿಂಡುವಂತೆ ಏನನ್ನೋ ಹಿಂಡಿದರು. ಟಕ್ ಎಂದಿತು. ತೋಳು ಕಳಚಿ ಕೈಗೆ ಬಂತು, ಬೆನ್ನು ಸಡಿಲಿತು. ತೋಳಿನ ಒಳಮೈಯಲ್ಲಿ, ಪಾಲಿಶ್ ಮುಟ್ಟದ ಕಡೆ, ಉಳಿಯಲ್ಲಿ ಕೆತ್ತಿದ ಒಂದು ಹಳೆಯ ಅಕ್ಷರವಿತ್ತು: ದೊ.

"ನೀ ಈಗs ಹೊರಡು, ಮನಿಗೆ. ಇದನ್ನ ಮಾಡಿದಾಂವ ಹಡಗ ಹತ್ತಿ ಇಪ್ಪತ್ತೆರಡು ವರ್ಷ ಆತು."